ಮಾನದ ಕಾಯಿ

ಯುಗಾದಿಯ ಮರುದಿನ ಹನುಮಪ್ಪನ ಗುಡಿಯ ಮುಂದೆ ಕಲ್ಲು ಎತ್ತಿದವನು ಖಂಡಪ್ಪ. ಎತ್ತಿದವನಿಗೆ ಸಲ್ಲುವ ಮಾನದ ಕಾಯಿ ಹೋಗಿ ಬಿದ್ದದ್ದು ಪರಮೇಶನ ಉಡಿಯಲ್ಲಿ. ಇದರಲ್ಲಿ ಯಾರ ತಪ್ಪೂ ಇರಲಿಲ್ಲ ಎಂಬುದೇ ದೊಡ್ಡ ತೊಡಕಾಗಿತ್ತು. ತಪ್ಪು ಮಾಡಿದವನೊಬ್ಬ ಸಿಕ್ಕಿದ್ದರೆ ಊರ ಹಿರಿಯರು ಅವನನ್ನು ಕಟ್ಟೆಗೆ ಕರೆಸಿ, ನಾಲ್ಕು ಮಾತು ಬೈದು, ಚಹಾ ಕುಡಿದು, ಸಂಜೆಯೊಳಗೆ ಎಲ್ಲವನ್ನೂ ಮುಗಿಸಿಬಿಡುತ್ತಿದ್ದರು.

ಆದದ್ದು ಇಷ್ಟೇ. ನೆಲೋಗಿಯಿಂದ ಒಳದಾರಿ ಹಿಡಿದು ಹೋದರೆ ಸಿಗುವ ಆ ಊರಿನ ಗುಡಿಯ ಮುಂದೆ, ಮೇದು ಬಂದ ಎಮ್ಮೆಯ ಹೊಟ್ಟೆಯ ಹಾಗೆ ದುಂಡಗಿರುವ ಒಂದು ಕರಿಕಲ್ಲಿದೆ. ಅದನ್ನು ತಬ್ಬಿ ತೊಡೆಗೆ ತಂದು, ಎದೆಗೆ ಏರಿಸಿ, ಹೆಗಲ ಮೇಲಿಂದ ಹಿಂದಕ್ಕೆ ಒಗೆಯಬೇಕು. ಕೆಲವು ವರ್ಷಗಳಿಂದ ಅದನ್ನು ಒಗೆಯುತ್ತಿದ್ದವನು ಖಂಡಪ್ಪನೊಬ್ಬನೇ. ಈ ಸಲವೂ ಒಗೆದ. ಮಂದಿ ಹೋ ಎಂದು ಕೂಗಿದ ಸಪ್ಪಳಕ್ಕೆ ಅಲ್ಲೇ ಹೂಡಿ ನಿಲ್ಲಿಸಿದ್ದ ಬಂಡಿಯೊಂದರ ಎತ್ತುಗಳು ಬೆದರಿ ಹಳ್ಳದ ಕಡೆ ಓಡಿದವು. ಖಂಡಪ್ಪ ಮೈಮೇಲಿನ ಮಣ್ಣು ಸಹ ಕೊಡವದೆ ಹಿಂದೆ ಓಡಿ ನೊಗ ಹಿಡಿದು ನಿಲ್ಲಿಸಿದ. ಅಷ್ಟರಲ್ಲಿ ಗುಡಿಯೊಳಗಿಂದ ಪೂಜಾರಿ ಗುರಣ್ಣ ಕೆಂಪು ಅರಿವೆಯಲ್ಲಿ ಸುತ್ತಿದ ಮಾನದ ಕಾಯಿ ಹಿಡಿದುಕೊಂಡು ಬಂದ. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಲ್ಲಿನ ಬಾಜೂ ನಿಂತಿರುವವನೇ ಕಲ್ಲು ಎತ್ತಿದವನು ಎಂಬ ನಂಬಿಕೆಯ ಮೇಲೆ ಅವನು ಪ್ರತಿವರ್ಷ ಕಾಯಿ ಕೊಡುತ್ತಿದ್ದ. ಅಂದು ಕಲ್ಲಿನ ಬಾಜೂ ನಿಂತಿದ್ದವನು ಅದನ್ನು ಉರುಳಿಸಿ ಜಾಗಕ್ಕೆ ಸೇರಿಸಲು ಬಂದಿದ್ದ ಪರಮೇಶ. ದೇವರ ಪ್ರಸಾದ ಬಂತೆಂದರೆ ಕೈ ತಾನಾಗಿಯೇ ಟಾವೆಲ್ಲು ಚಾಚುತ್ತದೆ. ಪರಮೇಶನದೂ ಚಾಚಿತು.

ಮಾನದ ಕಾಯಿ ಒಮ್ಮೆ ಒಬ್ಬರ ಉಡಿಯಲ್ಲಿ ಬಿದ್ದರೆ ಮುಗಿಯಿತು, ಅದನ್ನು ದೇವರು ಕೊಟ್ಟಂತೆ. ತಿರುಗಿ ಕೊಡುವಂತಿಲ್ಲ, ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಮುಂದಿನ ಯುಗಾದಿಯವರೆಗೆ ಆ ಮನೆಯ ಬಾಗಿಲ ಮೇಲೆ ತೂಗಬೇಕು. ಆ ವರ್ಷ ಹೋಳಿಗೆಯ ಮೊದಲ ಎಡೆ ಆ ಮನೆಯವನಿಗೆ, ಕಟ್ಟೆಯ ಮೇಲೆ ಮೊದಲ ಜಾಗ ಅವನಿಗೆ. ಅದರ ಜೊತೆಗೆ ಇನ್ನೊಂದು ಕಟ್ಟಳೆಯೂ ಇತ್ತು. ಶ್ರಾವಣದಲ್ಲಿ ಭೀಮಾನದಿಯ ದಂಡೆಯ ಊರಿನಲ್ಲಿ ಸುತ್ತಣ ಊರುಗಳವರೆಲ್ಲ ಸೇರಿ ಕಲ್ಲು ಎತ್ತುತ್ತಾರೆ. ಅಲ್ಲಿ ತನ್ನ ಊರಿನ ಪರವಾಗಿ ಕಲ್ಲಿಗೆ ಕೈ ಹಚ್ಚಬೇಕಾದವನು ಮನೆಯಲ್ಲಿ ಕಾಯಿ ತೂಗುತ್ತಿರುವವನೇ. ತನ್ನಿಂದ ಆಗದಿದ್ದರೆ ಅವನು ಹತ್ತೂರ ಮಂದಿಯ ಮುಂದೆ ತನ್ನೂರಿನ ಇನ್ನೊಬ್ಬನ ಹೆಸರು ಕೂಗಿ ಕರೆಯಬಹುದು. ಕರೆಯದೆ ಯಾರೂ ಕಣಕ್ಕಿಳಿಯುವಂತಿಲ್ಲ. ಇಳಿದರೆ ಆ ಊರಿನ ಪಾಳಿ ಕೆಟ್ಟಿತು, ಆ ವರ್ಷ ಸೋತಂತೆ.

ಪರಮೇಶ ಹೋದ ವರ್ಷ ಟ್ರ್ಯಾಕ್ಟರಿನಿಂದ ಬಿದ್ದು ಬೆನ್ನು ನೋಯಿಸಿಕೊಂಡವನು. ಕಲಬುರಗಿಯ ಡಾಕ್ಟರು ಅವನಿಗೆ ಜೋಳದ ಚೀಲ ಸಹ ಎತ್ತಬಾರದೆಂದು ಹೇಳಿ ಕಳಿಸಿದ್ದರು.

ಖಂಡಪ್ಪನ ಹೆಂಡತಿ ಸುವರ್ಣಾಗೆ ಇದೆಲ್ಲ ಮೊದಮೊದಲು ನಗುವಿನ ವಿಷಯವಾಗಿತ್ತು. ಅವಳು ಜೇವರ್ಗಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ದಿನಾ ಮುಂಜಾನೆ ನೆಲೋಗಿಯಿಂದ ಬಸ್ಸು ಹಿಡಿದು ಹೋಗಿ ಬರುತ್ತಿದ್ದಳು. ಸಂಜೆ ಬಂದರೆ ಗಂಡ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕುಳಿತು ಹಗ್ಗ ಹೊಸೆಯುತ್ತಿರುವುದು ಕಾಣುತ್ತಿತ್ತು. ಕಟ್ಟೆಗೆ ಹೋಗುವುದನ್ನು ಬಿಟ್ಟಿದ್ದ. ಹೊಲದಲ್ಲಿ ತೊಗರಿ, ಹೆಸರು ಚಂದಾಗಿ ಎದ್ದಿದ್ದವು, ಎತ್ತುಗಳು ಮಿಂಚುತ್ತಿದ್ದವು, ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಇವನು ಮುನಿಸಿಕೊಂಡು ಹೊಸೆದ ಹಗ್ಗ ಮಾತ್ರ ಮೂರು ಮನೆಗಾಗುವಷ್ಟಾಗಿತ್ತು. ಹಿರಿಯರು ಬಂದು ಬುದ್ಧಿ ಹೇಳಿ ಹೋದರು. ಗುರಣ್ಣನೂ ಬಂದು, ತಾನು ಕುರುಡನಾಗಿದ್ದಕ್ಕೆ ಹನುಮಪ್ಪನನ್ನೇ ಬೈಯಬೇಕು ಎಂದ. ಪರಮೇಶ ಬಂದು, ನೀನು ಹೇಳಿದರೆ ಕಟ್ಟಳೆ ಮುರಿದು ಕಾಯಿ ತಂದುಕೊಡುತ್ತೇನೆ ಎಂದ. ಖಂಡಪ್ಪ ಎಲ್ಲರಿಗೂ ಚಹಾ ಕುಡಿಸಿ ಕಳಿಸಿದ. ಚಿಕ್ಕಂದಿನಿಂದ ಒಂದೇ ಟಾವೆಲ್ಲಿನಲ್ಲಿ ಮೈ ಒರೆಸಿಕೊಂಡ ಗೆಳೆಯರಿಬ್ಬರೂ ಆಮೇಲೆ ಎದುರಾದರೆ ಆಕಾಶ ನೋಡಿ ಮಳೆಯ ಮಾತಾಡಿ ಸರಿಯತೊಡಗಿದರು.

ಆ ವರ್ಷ ಸುವರ್ಣಾಳ ಪಾಲಿಗೆ ಬಂದ ಪಾಠ ಹಳೆಯ ಗ್ರೀಕರ ಮಹಾಕಾವ್ಯಗಳಲ್ಲಿ ವೀರನೆಂದರೆ ಯಾರು ಎಂಬುದು. ಬಸ್ಸಿನಲ್ಲಿ ಓದಿಕೊಂಡು ಹೋಗಿ ಅವಳು ಮಕ್ಕಳಿಗೆ ಹೇಳಿದಳು. ಅಲ್ಲಿ ವೀರನೆಂದರೆ ಒಳ್ಳೆಯವನು ಎಂದರ್ಥವಲ್ಲ. ದೇವರುಗಳು ವೀರರಾಗಲಾರರು, ಸಾವಿಲ್ಲದವರಿಗೆ ಧೈರ್ಯದ ಗರಜೇ ಇಲ್ಲ. ಸಾಯುತ್ತೇನೆಂದು ಗೊತ್ತಿದ್ದೂ ಮುಂದಿನ ಸಾಲಿನಲ್ಲಿ ನಿಲ್ಲುವವನು ವೀರ. ಅದಕ್ಕೇ ಅವನಿಗೆ ಸಭೆಯಲ್ಲಿ ಮೊದಲ ಪೀಠ, ಊಟದಲ್ಲಿ ಒಳ್ಳೆಯ ತುಂಡು, ಗೆದ್ದ ಮೇಲೆ ಎಲ್ಲರೆದುರಿಗೆ ಕೊಡುವ ಪಾಲು. ಆ ಪಾಲೇ ಅವನ ಬೆಲೆ. ಅದನ್ನು ಕಸಿದರೆ ಮನುಷ್ಯನನ್ನೇ ಕಸಿದಂತೆ. ಹಾಗೆ ಪಾಲು ಕಳೆದುಕೊಂಡ ಮಹಾವೀರನೊಬ್ಬ ಯುದ್ಧ ಬಿಟ್ಟು ತನ್ನ ಡೇರೆಯಲ್ಲಿ ಕುಳಿತುಬಿಡುತ್ತಾನೆ, ಇಡೀ ಸೈನ್ಯ ಅವನ ಮನವೊಲಿಸಲು ಅಲೆಯುತ್ತದೆ.

ಎರಡನೆಯ ಬೆಂಚಿನಿಂದ ಜಯಮಾಲಾ ಎಂಬ ಹುಡುಗಿ ಎದ್ದು ನಿಂತಳು. ಅಫಜಲಪುರದ ಕಡೆಯವಳು, ಬಾಯಿ ಜೋರು.

"ಹಂಗಾರ ಅಂವ ವೀರ ಯಾವಾಗ ಆದನ್ರಿ ಮೇಡಂ? ಅರ್ಧ ಕತಿ ಮುನಿಸಿಕೊಂಡೇ ಕುಂತಾನಲ್ರಿ. ನಮ್ಮ ಕಾಕಾನೂ ಮದುವ್ಯಾಗ ಹಿಂಗೇ ಕುಂತಿದ್ದ, ಜಿಲೇಬಿ ಮೊದಲ ಅವಗ ನೀಡಲಿಲ್ಲಂತ."

ಕ್ಲಾಸೆಲ್ಲ ನಕ್ಕಿತು. ಸುವರ್ಣಾಳೂ ನಕ್ಕಳು. ಬೇವಿನ ಗಿಡದ ಕೆಳಗಿನ ಹೊರಸು ಕಣ್ಣ ಮುಂದೆ ಬಂದು ನಗು ಅರ್ಧಕ್ಕೆ ನಿಂತಿತು. ಇದಕ್ಕೆ ಉತ್ತರ ಇನ್ನೊಂದು ದಿನ ಹೇಳುತ್ತೇನೆ ಎಂದು ಪುಸ್ತಕ ಮುಚ್ಚಿದಳು.

ಶ್ರಾವಣ ಬಂತು. ನದಿದಂಡೆಯ ಊರಿಗೆ ಹೋಗುವ ಸೋಮವಾರ ಹತ್ತಿರಾದಾಗ, ಸುವರ್ಣಾಗೆ ಕಾಲೇಜಿಲ್ಲದ ಒಂದು ಮುಂಜಾನೆ ಪರಮೇಶ ಅಂಗಳಕ್ಕೆ ಬಂದು ನಿಂತ. ಒಳಗೆ ಬಾ ಎಂದರೆ ಬರಲಿಲ್ಲ. ಕಲ್ಲು ಎತ್ತುವಾಗ ಖಂಡಪ್ಪ ನಡಕ್ಕೆ ಸುತ್ತಿಕೊಳ್ಳುತ್ತಿದ್ದ, ಹೆಗಲ ಮೇಲಿನ ಕೆಂಪು ವಲ್ಲಿಯನ್ನು ಕೇಳಿ ಒಯ್ಯಲು ಬಂದಿದ್ದ. ಕಾಯಿ ತನ್ನ ಮನೆಯಲ್ಲಿ ತೂಗುತ್ತಿದೆ, ಮೊದಲ ಎಡೆ ತಾನು ಉಂಡಿದ್ದಾನೆ, ಹೋಗಬೇಕಾದವನು ತಾನೇ ಎಂದು ನೆಲ ನೋಡುತ್ತ ಹೇಳಿದ.

ಖಂಡಪ್ಪ ಹಗ್ಗ ಕೆಳಗಿಟ್ಟ. ಈಗ ಇವನು, "ನಿನ್ನಿಂದ ಆಗಂಗಿಲ್ಲೋ ಪರ್ಯಾ, ಸುಮ್ಮ ಕೂಡು," ಎನ್ನುತ್ತಾನೆ ಎಂದು ಸುವರ್ಣಾ ಕಾದಳು. ಅವನು ಎದ್ದು ಒಳಗೆ ಹೋಗಿ, ಗೂಟದ ಮೇಲಿನ ವಲ್ಲಿ ತಂದು, ಎರಡು ಮಡಿಕೆ ಮಾಡಿ ಕೊಟ್ಟ.

"ಬಿಗಿಯಾಗಿ ಕಟಗೋ," ಎಂದ.

"ಕಟಗೋತೇನಿ," ಎಂದು ಪರಮೇಶ ಹೊರಟ. ಹೋಗುವಾಗ ಸುವರ್ಣಾಳ ಕಡೆ ನೋಡಿ, "ಬರ್ತೇನಿ ವೈನಿ," ಎಂದ.

ಸುವರ್ಣಾಗೆ ಪಾಠದ ಮುಂದಿನ ಭಾಗ ನೆನಪಾಯಿತು. ತಾನು ಪಾಠ ಮಾಡಿದ ಕಥೆಯಲ್ಲಿಯೂ ಮುನಿದು ಕುಳಿತವನ ಕವಚ ತೊಟ್ಟು ಅವನ ಗೆಳೆಯ ಯುದ್ಧಕ್ಕೆ ಹೋಗುತ್ತಾನೆ. ಆ ಗೆಳೆಯ ತಿರುಗಿ ಬರುವುದಿಲ್ಲ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಗಂಡನಿಗೆ ಇದನ್ನೆಲ್ಲ ಹೇಳಿದಳು. ಅವನು ಕಿವಿಗೊಟ್ಟು ಕೇಳಿದ. ಆ ಗೆಳೆಯನಿಗೂ ಬೆನ್ನು ನೋವಿತ್ತೇ ಎಂದು ಕೇಳಿದ. ಇರಲಿಲ್ಲವೆಂದಾಗ, ಹಾಗಿದ್ದರೆ ಅದು ಬೇರೆ ಕಥೆ ಎಂದು ಇನ್ನೊಂದು ರೊಟ್ಟಿ ನೀಡಿಸಿಕೊಂಡ.

"ಅವನ ಬೆನ್ನು ಮುರದರ ನೀವು ಉಣ್ಣತೀರಿ ಹಿಂಗ?" ಎಂದಳು ಸುವರ್ಣಾ.

ಖಂಡಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಅಂವ ಎತ್ತೋದೇ ಬ್ಯಾಡ. ಕಲ್ಲಿಗಿ ಕೈ ಹಚ್ಚಿ ನನ್ನ ಹೆಸರು ಕೂಗಲಿ. ಹತ್ತೂರ ಮಂದಿ ಕೇಳಲಿ. ನಾ ಇಳೀತೇನಿ. ಅಷ್ಟೇ ನಾ ಕೇಳೋದು."

ಆಗ ಅವಳಿಗೆ ಅರ್ಥವಾಯಿತು. ನಾಲ್ಕು ತಿಂಗಳ ಸಿಟ್ಟೆಲ್ಲ ಆ ಒಂದು ಕೂಗಿಗಾಗಿ ಕಾದು ಕುಳಿತಿತ್ತು. ಅವಳು ಮಧ್ಯಾಹ್ನ ಪರಮೇಶನ ಮನೆಗೆ ಹೋಗಿ ಈ ಮಾತು ಹೇಳಿದಳು. ಪರಮೇಶ, ಇಷ್ಟು ದಿನ ಮುಖ ತಿರುಗಿಸಿದವನನ್ನು ಕೂಗಿ ಕರೆದು, ಅವನು ಬಾರದಿದ್ದರೆ ತಾನು ಅಲ್ಲಿ ಯಾರ ಮುಖ ನೋಡಬೇಕು ಎಂದ. ಅವನ ತಲೆಯ ಮೇಲೆ, ಬಾಗಿಲ ಚೌಕಟ್ಟಿನಲ್ಲಿ, ಕೆಂಪು ಅರಿವೆಯ ಕಾಯಿ ಗಾಳಿಗೆ ತುಸು ತುಸು ತೂಗುತ್ತಿತ್ತು. ಪರಮೇಶನ ತಾಯಿ ನಿಂಬೆವ್ವ ಮೂಲೆಯಲ್ಲಿ ಕುಳಿತು ಹೆಸರುಕಾಯಿ ಬಿಡಿಸುತ್ತ ಎಲ್ಲ ಕೇಳಿಸಿಕೊಂಡಳು.

ಅಂದೇ ಸಂಜೆ, ಇನ್ನೂ ಬೆಳಕಿರುವಾಗ, ನಿಂಬೆವ್ವ ಕೋಲೂರುತ್ತ ಬಂದಳು. ಮಳೆ ಸಣ್ಣಗೆ ಜಿನುಗುತ್ತಿತ್ತು, ತಲೆಯ ಮೇಲೆ ಗೊಬ್ಬರ ಚೀಲದ ಕೊಪ್ಪೆ ಹಾಕಿಕೊಂಡಿದ್ದಳು. ಖಂಡಪ್ಪನ ತಾಯಿ ಅವನು ತೆವಳುವಾಗಲೇ ತೀರಿಕೊಂಡಿದ್ದಳು. ಮಗನನ್ನೂ ಇವನನ್ನೂ ಒಂದೇ ತಾಟಿಗೆ ಕೂಡಿಸಿ ಉಣಿಸಿದವಳು ಈ ನಿಂಬೆವ್ವ. ಅವಳನ್ನು ಕಂಡು ಖಂಡಪ್ಪ ಹೊರಸಿನಿಂದ ಎದ್ದ. ಅವಳು ಕೂಡದೆ ಅವನ ಎದುರಿಗೆ ನಿಂತಳು.

"ನಾ ಕಾಯಿ ತಂದಿಲ್ಲೋ ತಮ್ಮಾ. ತಂದರ ನೀ ಇಸಗೊಳ್ಳಂಗಿಲ್ಲ, ನನಗ ಗೊತ್ತದ. ನಾ ಮಗನ್ನ ಕೇಳಾಕ ಬಂದೇನಿ."

"ನಿನ್ನ ಮಗ ನನ್ನ ಹಂತೇಕ ಎಲ್ಲಿ ಅದಾನ ಯವ್ವಾ?"

"ನಿನ್ನ ಹಂತೇಕೇ ಅದಾನ. ಮುಂಜಾನಿಂದ ನಿನ್ನ ವಲ್ಲಿ ನಡಕ್ಕ ಸುತಗೊಂಡು ಒಳಕಲ್ಲು ತಬ್ಬಿ ತಬ್ಬಿ ನೋಡಾಕತ್ತಾನ. ಬಗ್ಗಿದಾಗೊಮ್ಮೆ ಹಲ್ಲು ಕಚ್ಚತಾನ. ನಾ ನೋಡಿಲ್ಲಂತ ತಿಳದಾನ."

ಅವಳು ಅವನ ಬಲಗೈ ಹಿಡಿದು, ಅಂಗೈ ಮೇಲೆ ಮಾಡಿ, ಜಡ್ಡುಗಟ್ಟಿದ ಜಾಗದ ಮೇಲೆ ತನ್ನ ಹೆಬ್ಬೆರಳಾಡಿಸಿದಳು. ಕಲ್ಲಿನಿಂದ ಗಟ್ಟಿಯಾದ ಕೈ ಅದು. ಖಂಡಪ್ಪ ಕೈ ಎಳೆದುಕೊಳ್ಳಲಿಲ್ಲ. ಅವನು ಹೇಳಿದ್ದು ಇಷ್ಟೇ.

"ಉಂಡು ಹೋಗು."

ಸುವರ್ಣಾ ತಾಟು ತರಲು ಒಳಗೆ ಹೋದರೆ ಅವನೇ ಹಿಂದೆ ಬಂದು ತಾಟು ತೆಗೆದುಕೊಂಡ. ಎರಡು ರೊಟ್ಟಿ, ಪುಂಡಿಪಲ್ಯ, ಮೇಲೆ ಶೇಂಗಾ ಹಿಂಡಿ, ಅಂಚಿಗೆ ಎಣ್ಣೆ. ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಿಧಾನವಾಗಿ ಉಂಡಳು. ಖಂಡಪ್ಪ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ರೊಟ್ಟಿಯನ್ನು ಸಣ್ಣಗೆ ಮುರಿಮುರಿದು ಪಲ್ಯದಲ್ಲಿ ನೆನೆಹಾಕಿ ಕೊಡುತ್ತಿದ್ದ. ಕಾಯಿಯ ಮಾತು ಅವರು ಆಡಲೇ ಇಲ್ಲ. ಅವನ ತಾಯಿಯ ಮಾತು ಬಂತು, ಆಕೆ ಹಾಡು ಹೇಳುವಾಗ ಮೂಗು ತಿಕ್ಕಿಕೊಳ್ಳುತ್ತಿದ್ದಳಂತೆ. ಇಬ್ಬರೂ ಒಂದಿಷ್ಟು ಅತ್ತರು, ಆಮೇಲೆ ಒಂದಿಷ್ಟು ನಕ್ಕರು. ಸುವರ್ಣಾ ಬಾಗಿಲಲ್ಲಿ ನಿಂತು ನೋಡಿದಳು. ಮುದುಕಿಯನ್ನು ಮನೆಯ ತನಕ ಕಳಿಸಿ ಬಂದು ಖಂಡಪ್ಪ, ಸೋಮವಾರ ತಾನೂ ನದಿದಂಡೆಗೆ ಬರುವೆನೆಂದ. ಆದರೆ ಕರೆದರೆ ಮಾತ್ರ ಇಳಿಯುವೆನೆಂದು ಕೂಡಿಸಿದ.

ಸೋಮವಾರ ಊರಿನವರು ಎರಡು ಟಂಟಂ ಗಾಡಿ ತುಂಬಿಕೊಂಡು ಹೊರಟರು. ಪರಮೇಶ ಮುಂದಿನದರಲ್ಲಿ, ಖಂಡಪ್ಪ, ಕಾಲೇಜಿಗೆ ರಜೆ ಹಾಕಿದ ಸುವರ್ಣಾ ಹಿಂದಿನದರಲ್ಲಿ. ದಾರಿಯಲ್ಲಿ ಘತ್ತರಗಿಗೆ ಭಾಗ್ಯವಂತಿಯ ದರ್ಶನಕ್ಕೆ ಹೊರಟವರು ಗುಂಪು ಗುಂಪಾಗಿ ನಡೆಯುತ್ತಿದ್ದರು. ನದಿ ತುಂಬಿ ಕೆಂಪಗೆ ಹರಿಯುತ್ತಿತ್ತು. ಆ ಊರಿನ ಹಿರಿಯ ದೌಲತರಾಯ ಕಣದ ಅಂಚಿಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಪಾಳಿ ಕೂಗುವವನೂ ನಿರ್ಣಯ ಹೇಳುವವನೂ ಅವನೇ.

ಇವರ ಊರಿನ ಹೆಸರು ಕೂಗಿದಾಗ ಪರಮೇಶ ಕೆಂಪು ವಲ್ಲಿ ಬಿಗಿದುಕೊಂಡು ಕಣಕ್ಕಿಳಿದ. ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡ. ತಲೆಯೆತ್ತಿ ಮಂದಿಯ ಕಡೆ ನೋಡಿದಾಗ ಖಂಡಪ್ಪ ಅವನಿಗೆ ಕಂಡ. ಇಬ್ಬರ ಕಣ್ಣೂ ಕೂಡಿದ್ದನ್ನು ಸುವರ್ಣಾ ನೋಡಿದಳು. ಖಂಡಪ್ಪ ಆಗಲೇ ಅಂಗಿಯ ಗುಂಡಿ ಬಿಚ್ಚಿ, ಎದೆಯ ಮೇಲೆ ಕೈಕಟ್ಟಿ, ಕಣದ ಗೆರೆಗೆ ಹೆಬ್ಬೆರಳು ತಾಗಿಸಿ ನಿಂತಿದ್ದ. ಇನ್ನೇನು ಕರೆಯುತ್ತಾನೆ ಎಂದುಕೊಂಡಳು. ಪರಮೇಶ ಬಗ್ಗಿ ಕಲ್ಲು ತಬ್ಬಿದ.

ಕಲ್ಲು ನೆಲ ಬಿಟ್ಟಿತು. ಮಂದಿ ಹೋ ಎಂದರು. ಮೊಣಕಾಲಿಗೆ ಬಂತು, ತೊಡೆಯ ಮೇಲೆ ಕುಳಿತಿತು. ಅಲ್ಲಿಂದ ಮೇಲೆ ಹೋಗಲೊಲ್ಲದು, ಕೆಳಗೆ ಇಳಿಯಲೊಲ್ಲದು. ಕೈಬಿಟ್ಟರೆ ಕಾಲ ಮೇಲೆ ಬೀಳುತ್ತದೆ, ಹಿಡಿದರೆ ಬೆನ್ನು ಹೋಗುತ್ತದೆ. ಪರಮೇಶನ ಕುತ್ತಿಗೆಯ ನರಗಳು ಹಗ್ಗದಂತೆ ಎದ್ದವು, ಬಾಯಿ ತೆರೆಯಿತು, ದನಿ ಬರಲಿಲ್ಲ. ಕರೆಯಲು ಉಸಿರು ಬೇಕು. ಅವನ ಉಸಿರೆಲ್ಲ ಕಲ್ಲಿನ ಕೆಳಗೆ ಸಿಕ್ಕಿಕೊಂಡಿತ್ತು.

ಸುವರ್ಣಾ ಗಂಡನ ಕಡೆ ತಿರುಗಿದಳು. ಅವನು ಅಲ್ಲಿರಲಿಲ್ಲ. ಗೆರೆ ದಾಟಿ, ಕಣದ ನಡುವೆ ಕುಕ್ಕರಿಸಿ, ಎರಡೂ ಕೈಯನ್ನು ಕಲ್ಲಿನ ಕೆಳಗೆ ಕೊಟ್ಟಿದ್ದ. ಇಬ್ಬರ ತಲೆಗಳೂ ಒಂದಕ್ಕೊಂದು ತಾಗಿದ್ದವು. ಕಲ್ಲು ನಿಧಾನವಾಗಿ, ತೊಟ್ಟಿಲಿಂದ ಇಳಿಸಿದ ಕೂಸಿನ ಹಾಗೆ, ನೆಲಕ್ಕೆ ಬಂತು.

ದೌಲತರಾಯ ಕುರ್ಚಿಯಿಂದ ಎದ್ದ.

"ಕರದಿಲ್ಲ, ಇಳದೀ. ನಿಮ್ಮ ಊರ ಪಾಳಿ ಕೆಟ್ಟಿತು."

"ಕೆಟ್ಟಿತ್ರಿ," ಎಂದ ಖಂಡಪ್ಪ.

ಅವನ ಕೈ ಪರಮೇಶನ ಬೆನ್ನ ಮೇಲಿತ್ತು, ನಡದ ಮೇಲಿನ ಕೆಂಪು ವಲ್ಲಿಯನ್ನು ಸಡಿಲಿಸುತ್ತಿತ್ತು. ಪರಮೇಶ ಮಣ್ಣಲ್ಲೇ ಕುಳಿತು ಉಸಿರು ಎಳೆದುಕೊಳ್ಳುತ್ತಿದ್ದ. ಕಾಲು ಚಾಚಿ ನೋಡಿದ, ಸೊಂಟ ತಿರುಗಿಸಿ ನೋಡಿದ. ಎಲ್ಲ ಬರೋಬ್ಬರಿ ಇತ್ತು.

"ನಾ ಕರ್ಯಾಕತ್ತಿದ್ದೆ," ಎಂದ. "ದನಿ ಬರಲಿಲ್ಲ."

"ಸುಳ್ಳ."

"ಹನುಮಪ್ಪನಾಣಿ."

"ಹನುಮಪ್ಪಗ ಯಾಕ ತ್ರಾಸ ಕೊಡತೀಯೋ. ಮ್ಯಾಲೇಳು, ಮಂದಿ ನೋಡಾಕತ್ತಾರ."

ನದಿದಂಡೆಯ ಊರಿನವರು ಪದ್ಧತಿಯಂತೆ ಎಲ್ಲರಿಗೂ ಊಟ ಹಾಕಿದರು. ಪಾಳಿ ಕೆಟ್ಟವರ ಪಂಗತಿ ಕೊನೆಗೆ. ಮೊದಲ ಎಡೆ ಉಂಡು ರೂಢಿಯಿದ್ದ ಇಬ್ಬರೂ ಹುಗ್ಗಿಗಾಗಿ ಕಾಯುತ್ತ ಗೋಡೆಗೊರಗಿ ಕುಳಿತರು. ಹಾದು ಹೋಗುವವರೆಲ್ಲ ಒಂದೊಂದು ಮಾತು ಚುಚ್ಚಿ ಹೋದರು. ಒಬ್ಬ, ಒಂದು ಕಲ್ಲಿಗೆ ಇಬ್ಬರು ಗಂಡಸರೇ ಎಂದ. ಇನ್ನೊಬ್ಬ, ಮುಂದಿನ ವರ್ಷ ಇಡೀ ಊರೇ ಬಂದು ಹಿಡಿಯಿರಿ ಎಂದ. ಖಂಡಪ್ಪನಿಗೆ ಸಿಟ್ಟು ಬರುತ್ತದೇನೋ ಎಂದು ಸುವರ್ಣಾ ನೋಡಿದಳು. ಅಷ್ಟರಲ್ಲಿ ಹುಗ್ಗಿ ಬಂದಿತ್ತು, ಅವನು ಪರಮೇಶನ ಎಲೆಗೆ ತನ್ನ ಪಾಲಿನ ತುಪ್ಪ ಸುರಿಯುತ್ತ, ಆ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಪಾಳಿ ಕೆಟ್ಟ ವರ್ಷ ಕಾಯಿ ಬಾಗಿಲಲ್ಲಿ ತೂಗುವ ಹಾಗಿಲ್ಲ. ಮರುದಿನ ಮುಂಜಾನೆ ಅದನ್ನು ಇಳಿಸಲು ಗುರಣ್ಣನನ್ನು ಕರೆದರು. ಅವನಿಗೆ ಆಷಾಢದಲ್ಲಿ ಕಣ್ಣಿನ ಆಪರೇಷನ್ ಆಗಿ, ಕರಿ ಚಾಳೀಸು ಬಂದಿತ್ತು. ನಿಂಬೆವ್ವನ ಅಂಗಳದಲ್ಲಿ ಖಂಡಪ್ಪ, ಪರಮೇಶ ಇಬ್ಬರ ಮುಂದೆ ನಿಂತು, ಚಾಳೀಸು ತೆಗೆದು ಒಬ್ಬೊಬ್ಬರ ಮುಖವನ್ನೂ ಹತ್ತಿರದಿಂದ ನೋಡಿದ.

"ಅವತ್ತ ಯಾರಿಗಿ ಕೊಟ್ಟಿದ್ದೆ ನಾ?"

"ನನಗ್ರಿ," ಎಂದ ಪರಮೇಶ.

"ಈಗ ಚಂದಾಗಿ ಕಾಣಸ್ತದ," ಎಂದ ಗುರಣ್ಣ. "ಆದರೂ ಇಬ್ಬರೂ ಒಂದೇ ನಮೂನಿ ಕಾಣತೀರಿ."

ಕೆಂಪು ಅರಿವೆ ಬಿಚ್ಚಿದ. ಅಲ್ಲಾಡಿಸಿದರೆ ಒಳಗೆ ಗಿಟುಕು ಕೊಬ್ಬರಿ ಗಡಗಡ ಅನ್ನುತ್ತಿತ್ತು, ನೀರೆಲ್ಲ ಇಂಗಿಹೋಗಿತ್ತು. ಹೊಸ್ತಿಲ ಕಲ್ಲಿಗೆ ಒಡೆದಾಗ ಬೆಳ್ಳಗಿನ ಒಣಕೊಬ್ಬರಿ, ಎಣ್ಣೆಯ ವಾಸನೆ ಸೂಸುತ್ತ, ಚಿಪ್ಪು ಬಿಟ್ಟು ಬಂತು. ನಿಂಬೆವ್ವ ಕುಡುಗೋಲಿನ ತುದಿಯಿಂದ ತುಂಡು ಮಾಡಿ, ಬೆಲ್ಲದ ಜೊತೆ ತಾಟಿನಲ್ಲಿಟ್ಟಳು. ಮೊದಲ ತುಂಡನ್ನು ಕೈಯಲ್ಲಿ ಹಿಡಿದು ಇಬ್ಬರ ಕಡೆಗೂ ನೋಡಿದಳು. ಖಂಡಪ್ಪ ಕೊಟ್ಟಿಗೆಯ ಕಡೆ ಮುಖ ಮಾಡಿದ. ಪರಮೇಶ ಮೋಡ ನೋಡತೊಡಗಿದ.

ಮುದುಕಿ ತುಂಡನ್ನು ತನ್ನ ಬಾಯಿಗೇ ಹಾಕಿಕೊಂಡಳು.

"ಇಷ್ಟ ದಿನ ತೂಗಿದ್ದು ನನ್ನ ತಲಿ ಮ್ಯಾಲ," ಎಂದು, ಹಲ್ಲಿಲ್ಲದ ವಸಡಿನಿಂದ ಅದನ್ನು ಒಂದು ಕಡೆಗೆ ಒತ್ತಿಟ್ಟುಕೊಂಡು ಸಾವಕಾಶವಾಗಿ ಚೀಪತೊಡಗಿದಳು.

ಮೊದಲು ನಕ್ಕವನು ಗುರಣ್ಣ. ಆಮೇಲೆ ಉಳಿದವರು ಯಾರು ಮೊದಲು ಯಾರು ಹಿಂದೆ ಎಂದು ನೋಡದೆ ತಾಟಿಗೆ ಕೈ ಹಾಕಿದರು. ಸುವರ್ಣಾಗೆ ಬಸ್ಸಿನ ಹೊತ್ತಾಗಿತ್ತು. ತನ್ನ ಪಾಲಿನದರಲ್ಲಿ ಅರ್ಧ ತಿಂದು, ಉಳಿದರ್ಧವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಪ್ರಶ್ನೆ ಕೇಳಿದ್ದ ಎರಡನೆಯ ಬೆಂಚಿನ ಹುಡುಗಿಗೆ ಅದನ್ನು ಕೊಟ್ಟು, ಮಗನ ಹೆಣ ಬೇಡಲು ಮುದುಕನೊಬ್ಬ ವೈರಿಯಾದ ಆ ವೀರನ ಡೇರೆಗೆ ಹೋಗಿ ಅವನ ಜೊತೆ ಕುಳಿತು ಉಂಡ ಕಡೆಯ ಭಾಗದಿಂದ ಇವತ್ತು ಪಾಠ ಶುರುಮಾಡಬೇಕೆಂದುಕೊಳ್ಳುತ್ತ ನೆಲೋಗಿಯ ದಾರಿ ಹಿಡಿದಳು. ಹಿಂದೆ ಅಂಗಳದಲ್ಲಿ, ಕಲ್ಲು ತೊಡೆಯ ತನಕ ಬಂದಿತ್ತೋ ಮೊಣಕಾಲಿನ ತನಕವೋ ಎಂದು ಇಬ್ಬರು ಗಂಡಸರು ಜಗಳಾಡುವುದು ತಿರುವು ದಾಟುವವರೆಗೂ ಕೇಳಿಸುತ್ತಿತ್ತು.